ಮಾನ್ವಿ ಭತ್ತದ ಪಾಠ

ನಾಗರತ್ನಾಗೆ ಬೆಳಗಿನಿಂದ ನಿಂತಲ್ಲಿ ನಿಲ್ಲಲಾಗುತ್ತಿರಲಿಲ್ಲ, ಕೂತಲ್ಲಿ ಕೂರಲಾಗುತ್ತಿರಲಿಲ್ಲ. ರಾಯಚೂರಿನ ಕೃಷಿ ಕಾಲೇಜೊಂದರಲ್ಲಿ ಆಕೆ ಇಂಗ್ಲಿಷಿನ ಅತಿಥಿ ಉಪನ್ಯಾಸಕಿ. ವಿಭಾಗದ ಮುಖ್ಯಸ್ಥ ಪ್ರಭುರಾಜರು ಇಂದು ಹಿಂದಿನ ಬೆಂಚಿನಲ್ಲಿ ಕೂತು ಪಾಠ ನೋಡುವವರಿದ್ದರು.

"ಹುಡುಗ್ರು ಬಾಯಿ ಬಿಡಬೇಕ್ರೀ. ಇಲ್ಲಂದ್ರ ಮುಂದಿನ ವರ್ಷ ನಿಮಗ ಕೆಲಸ ಕೊಡೋದು ಕಷ್ಟ ಅದ," ಎಂದು ಮೊದಲೇ ಹೇಳಿಬಿಟ್ಟಿದ್ದರು.

ವ್ಯಾಕರಣ ಹೇಳಿ ಹೇಳಿ ಗಂಟಲು ಹರಿದುಕೊಂಡದ್ದು ಸಾಕೆಂದು ಈ ಸಲ ಒಂದು ಆಟ ಕಟ್ಟಿದ್ದಳು. ಮಾನ್ವಿಯಲ್ಲಿರುವ ಅಪ್ಪನ ಅಕ್ಕಿ ಗಿರಣಿಯಿಂದ ನಿನ್ನೆ ಕೈಚೀಲದ ತುಂಬ ಭತ್ತ ತಂದಿದ್ದಳು; ಅದು ಎಲ್ಲಿಯದೆಂದು ತರಗತಿಗೂ ಹೇಳಿದ್ದಳು. ಒಬ್ಬರು ಮಾರುವವರು, ಒಬ್ಬರು ಪರೀಕ್ಷಿಸುವ ಅಧಿಕಾರಿ. ಮಾತೆಲ್ಲ ಇಂಗ್ಲಿಷಿನಲ್ಲೇ ಆಗಬೇಕು. ಉತ್ತರವನ್ನೂ ಹಾಳೆಯಲ್ಲಿ ಬರೆದಿಟ್ಟಿದ್ದಳು: ಭತ್ತ ಒಣಗಿದೆ, ಕೊಳ್ಳಬಹುದು.

ಮಾರುವವನಾದ ಕೊಟ್ರೇಶ ಗಿಣಿಯಂತೆ ನಾಲ್ಕು ಮಾತು ಒಪ್ಪಿಸಿದ. ಅಧಿಕಾರಿ ದುರ್ಗಾದೇವಿ. ದೇವದುರ್ಗದ ಕಡೆಯ ಹುಡುಗಿ, ವರ್ಷವಿಡೀ ಈ ತರಗತಿಯಲ್ಲಿ ತುಟಿ ಪಿಟಕ್ಕೆಂದವಳಲ್ಲ. ಈಗಲೂ ತಲೆ ತಗ್ಗಿಸಿ ನಿಂತಳು. ಇವಳನ್ನೇ ಯಾಕಾದರೂ ಕರೆದೆನೋ ಎಂದು ನಾಗರತ್ನಾ ತನ್ನನ್ನು ತಾನೇ ಬೈದುಕೊಂಡಳು. ಪ್ರಭುರಾಜರು ಗಡಿಯಾರ ನೋಡಿದರು.

ಆಗ ಹುಡುಗಿ ಭತ್ತವನ್ನು ನೆಲಕ್ಕೆ ಸುರಿದಳು. ಒಂದು ಚಿಟಿಕೆ ತೆಗೆದು ಕಣ್ಣಿಗೊತ್ತಿಕೊಂಡು, ಚಪ್ಪಲಿ ಬಿಟ್ಟು, ಅದರ ಮೇಲೆ ಕಾಲೆಳೆಯುತ್ತ ನಡೆದಳು. ಗಿರಣಿಯ ಅಂಗಳದಲ್ಲಿ ಭತ್ತ ಒಣಗಿಸುವ ಹೆಂಗಸರು ಕಾಲಿನಿಂದಲೇ ಹಸಿ-ಒಣ ಅರಿಯುವುದು ಹಾಗೆಯೇ. ಯಾರೋ ಕಿಸಕ್ಕೆಂದರು.

"ನಾಟ್ ಡ್ರೈ," ಎಂದಳು. "ಇನ್‌ಸೈಡ್ ವೆಟ್. ಐ ರಿಜೆಕ್ಟ್."

ನಾಗರತ್ನಾ ಕೈಯಲ್ಲಿದ್ದ ಹಾಳೆಯತ್ತ ನೋಡಿದಳು. ಅಲ್ಲಿರುವ ಉತ್ತರ ಬೇರೆ, ಭತ್ತ ಅಪ್ಪನದು, ಎದುರಿಗೆ ಮುಖ್ಯಸ್ಥರು. ನಕ್ಕು ಮಾತು ತೇಲಿಸಿಬಿಡಬಹುದಿತ್ತು. ಆದರೆ ವರ್ಷದಲ್ಲಿ ಮೊದಲ ಸಲ ತೆರೆದ ಬಾಯಿ, ಮುಚ್ಚಿಸಲು ಮನಸ್ಸಾಗಲಿಲ್ಲ.

"ವೈ?" ಎಂದಳು.

ದುರ್ಗಾದೇವಿ ತಡವರಿಸಿ ಕನ್ನಡಕ್ಕೆ ಇಳಿದಳು. "ನಮ್ಮವ್ವ ಮಾನ್ವಿಗೆ ಬಂದು ನಿಮ್ ಗಿರಣ್ಯಾಗ ಕೆಲಸ ಮಾಡ್ತಾಳ್ರೀ. ಮೋಡ ಆತು ಅಂತ ನಿಮ್ಮಪ್ಪಾರು ಮೊನ್ನಿ ಲಗೂನ ಚೀಲ ತುಂಬಿಸಿದ್ರಂತ. ಇನ್ನಾ ಹಸಿ ಅದ ಅಂತ ಅವ್ವ ಅಂದ್ರ, ಯಾವತ್ತಿನಂಗ ಬಾಯಿ ಮುಚ್ಚು ಅಂದ್ರಂತ. ನೀವು ಅವ್ರ ಮಗಳು. ಅದಕ್ಕ ನಾನೂ ಇಲ್ಲಿ ಬಾಯಿ ಬಿಡ್ತಿರಲಿಲ್ರೀ."

ನಾಗರತ್ನಾಗೆ ನಾಚಿಕೆಯಾಯಿತು. ಹಿಂದಿನ ಬೆಂಚಿನತ್ತ ನೋಡುವ ಧೈರ್ಯವಾಗಲಿಲ್ಲ. ಕೆಂಪು ಪೆನ್ನು ತೆಗೆದು ಹಾಳೆಯಲ್ಲಿದ್ದ ತನ್ನ ಉತ್ತರವನ್ನು ಹೊಡೆದುಹಾಕಿದಳು.

"ಈಗ ಹೇಳಿದ್ದನ್ನೆಲ್ಲ ಇಂಗ್ಲಿಷಿನ್ಯಾಗ ಹೇಳವ್ವಾ," ಎಂದಳು. "ಒಂದೂ ಬಿಡಬ್ಯಾಡ."

ಹುಡುಗಿ ಭತ್ತದ ಮೇಲೆಯೇ ನಿಂತು, ತಡವರಿಸುತ್ತ ಶುರು ಮಾಡಿದಳು. ಗಂಟೆ ಹೊಡೆಯಿತು. ಪ್ರಭುರಾಜರು ಏಳಲಿಲ್ಲ.