ಆಯ್ತಪ್ಪನ ಆಯ್ತು

ಸಾಬೂನು ಕಾರ್ಖಾನೆಯ ಲೆಕ್ಕದ ವಿಭಾಗದ ಯಜಮಾನನಿಗೆ ಹೆತ್ತವರು ಇಟ್ಟ ಹೆಸರು ಯಾರಿಗೂ ನೆನಪಿರಲಿಲ್ಲ. ಬೆನ್ನ ಹಿಂದೆ ಎಲ್ಲರೂ ಅವನನ್ನು ಕರೆಯುತ್ತಿದ್ದದ್ದು ಆಯ್ತಪ್ಪ ಅಂತ. ರಜೆ ಕೇಳಿದರೆ ಆಯ್ತು, ಬಾಕಿ ಕೇಳಿದರೆ ಆಯ್ತು, ತಲೆಯ ಮೇಲಿನ ಫ್ಯಾನು ತಿರುಗುತ್ತಿಲ್ಲ ಅಂದರೂ ಆಯ್ತು. ಆ ಬಾಯಿಂದ ಇಲ್ಲ ಅನ್ನುವ ಮಾತು ಬಂದದ್ದೂ ಇಲ್ಲ, ಆ ಕೈಯಿಂದ ಒಂದು ಕೆಲಸ ಆದದ್ದೂ ಇಲ್ಲ.

ಕಾರ್ಖಾನೆಗೆ ರಟ್ಟಿನ ಡಬ್ಬ ಮಾಡಿಕೊಡುತ್ತಿದ್ದವಳು ಅವನ ಹೆಂಡತಿಯ ಒಡಹುಟ್ಟಿದ ತಂಗಿ. ಬೀದಿಯವರ ಬಾಯಲ್ಲಿ ಡಬ್ಬದಕ್ಕ. ಭಾವನೇ ಹಣ ಕೊಡುವ ಜಾಗದಲ್ಲಿ ಕೂತಿದ್ದಾನೆ, ಇವಳಿಗೇನು ಕಮ್ಮಿ ಅಂತ ಜನ ಹೊಟ್ಟೆ ಉರಿದುಕೊಳ್ಳುತ್ತಿದ್ದರು. ಉರಿದುಕೊಳ್ಳಲಿ ಪಾಪ! ಬೇರೆಯವರ ಬಿಲ್ಲು ತಿಂಗಳುಗಟ್ಟಲೆ ಕೊಳೆತರೆ ಇವಳದ್ದು ಅದಕ್ಕಿಂತ ಹೆಚ್ಚು ಕೊಳೆಯುತ್ತಿತ್ತು. ಮನೆಯವಳು ತಾನೇ, ಎಲ್ಲಿಗೆ ಹೋಗುತ್ತಾಳೆ?

ಈ ಸಲ ಕುತ್ತಿಗೆಗೆ ಬಂದಿತ್ತು. ರಟ್ಟು ಕತ್ತರಿಸಿ ಮಡಿಕೆಯ ಗೆರೆ ಮೂಡಿಸುವ ಮಷೀನನ್ನು ಅವಳು ಕಂತಿನ ಮೇಲೆ ತಂದಿದ್ದಳು. ಕಂತು ತಪ್ಪಿ ತಪ್ಪಿ ಮಷೀನು ಮಾರಿದ ಸೇಠು ಕಡೆಗೆ ಒಂದೇ ಮಾತು ಹೇಳಿದ್ದ: ಸೋಮವಾರದೊಳಗೆ ದುಡ್ಡು, ಇಲ್ಲದಿದ್ದರೆ ಮಷೀನು. ಅದು ಹೋದರೆ ಶೆಡ್ಡಿನಲ್ಲಿ ಉಳಿಯುವುದು ಗೋಂದಿನ ವಾಸನೆ ಮಾತ್ರ.

ದಾರಿ ಇರಲಿಲ್ಲ ಅಂತಲ್ಲ. ಬಿಲ್ಲಿನ ಮೇಲೆ ಮೊದಲೇ ದುಡ್ಡು ಕೊಡಿಸುವ ಕಂಪನಿಯ ಹುಡುಗಿಯೊಬ್ಬಳು ಬಂದು ಎಲ್ಲ ಬಿಡಿಸಿ ಹೇಳಿ ಹೋಗಿದ್ದಳು. ನಿಮ್ಮ ಬಿಲ್ಲನ್ನು ಫೋನಿನಲ್ಲಿ ಹಾಕಿ, ಮಾಲು ಕೊಂಡ ಕಾರ್ಖಾನೆಯವರು ‘ಒಪ್ಪಿದೆ’ ಅಂತ ಒತ್ತಲಿ, ಬ್ಯಾಂಕು ತನ್ನ ಪಾಲು ಮುರಿದುಕೊಂಡು ಮಿಕ್ಕದ್ದನ್ನು ಕೂಡಲೇ ಕೊಡುತ್ತದೆ, ಕಾರ್ಖಾನೆ ಗಡುವಿನ ದಿನ ಬ್ಯಾಂಕಿಗೆ ಕಟ್ಟಿಕೊಳ್ಳಲಿ. ಇಷ್ಟೇ. “ಬಿಲ್ಲಿನ ಪಕ್ಕದ ಹಳದಿ ಚುಕ್ಕಿ ಹಸಿರಾಗೋವರೆಗೂ ಯಾರ ಮಾತೂ ನಂಬಬೇಡಿ ಅಕ್ಕ,” ಅಂತಲೂ ಅಂದಿದ್ದಳು.

ಡಬ್ಬದಕ್ಕ ಬಿಲ್ಲು ಹಾಕಿ ಭಾವನಿಗೆ ಫೋನು ಮಾಡಿದಳು.

“ಭಾವ, ನನ್ನ ಬಿಲ್ಲು ನಿಮ್ಮ ಹತ್ರ ಬಂದಿದೆ ನೋಡಿ. ಒಂದ್ಸಲ ಒತ್ತಿಬಿಡಿ. ಮಷೀನಿನ ವಿಷಯ ಗೊತ್ತಲ್ಲ ನಿಮಗೆ.”

“ಹೂಂ ಹೂಂ.”

ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಮಾಡಿದಳು. “ಭಾವ, ಆಯ್ತಾ?”

“ಆಯ್ತು ಆಯ್ತು,” ಅಂದು ಅವನು ಫೋನಿಟ್ಟ.

ಅವಳು ಕೇಳಿದ್ದು ಮುಗಿಯಿತಾ ಅಂತ. ಅವನು ಹೇಳಿದ್ದು ನೋಡೋಣ ಬಿಡು ಅಂತ. ನಮ್ಮ ಮಾತಿನಲ್ಲಿ ಎರಡಕ್ಕೂ ಒಂದೇ ಪದ ಇಟ್ಟ ಪುಣ್ಯಾತ್ಮ ಯಾರೋ, ಅವನ ಬಾಯಿಗೆ ಮಣ್ಣು ಬೀಳ! ಅವಳಾದರೂ ಫೋನು ತೆರೆದು ಆ ಚುಕ್ಕಿ ನೋಡಬಾರದಿತ್ತೇ? ನೋಡಲಿಲ್ಲ. ಅಕ್ಕನ ಗಂಡ ಆಯ್ತು ಅಂದಮೇಲೆ ಹಳದಿ ಏನು, ಹಸಿರೇನು. ಸೇಠುವಿಗೆ ಗತ್ತಿನಿಂದಲೇ ಹೇಳಿದಳು, “ಸೋಮವಾರ ಬನ್ನಿ, ಎಣಿಸ್ಕೊಂಡು ಹೋಗಿ.”

ಸೋಮವಾರ ಸೇಠುವಿನ ಆಳುಗಳು ಬಂದರು. ಬ್ಯಾಂಕಿಗೆ ಬಿಡಿಗಾಸೂ ಬಂದಿರಲಿಲ್ಲ. ಆಗ ಫೋನು ತೆರೆದಳು ನಮ್ಮಕ್ಕ. ಚುಕ್ಕಿ ಹಳದಿಯಾಗಿಯೇ ಇತ್ತು. ಆಳುಗಳು ಸ್ಪ್ಯಾನರು ತೆಗೆದು ನೆಲದ ಬೋಲ್ಟುಗಳನ್ನು ಬಿಚ್ಚತೊಡಗಿದರು. ಅವಳು ಚಪ್ಪಲಿ ಮೆಟ್ಟಿದವಳೇ ಕಾರ್ಖಾನೆಗೆ ಓಡಿದಳು.

ಆಯ್ತಪ್ಪ ಚಹಾ ಕುಡಿಯುತ್ತಿದ್ದ.

“ಭಾವ, ಮಷೀನು ಲಾರಿಗೆ ಹತ್ತಿಸ್ತಾ ಇದಾರೆ! ಆಯ್ತು ಅಂದ್ರಲ್ಲ ನೀವು!”

“ಅಂದೆ. ಆಯ್ತು ಅಂದ್ರೆ ಆಗ್ಲಿ, ನೋಡೋಣ ಅಂತ. ಒತ್ತಿದೀನಿ ಅಂತ ಎಲ್ಲಿ ಹೇಳಿದೆ?”

“ಈಗ ಒತ್ತಿ. ನಿಮ್ಮ ಕೈಯೇನು ಸವೆದು ಹೋಗುತ್ತಾ?”

ಅವನು ಲೋಟ ಕೆಳಗಿಟ್ಟ. ಮುಖದಲ್ಲಿ ನಾಚಿಕೆಯ ಸುಳಿವೂ ಇರಲಿಲ್ಲ. “ನೋಡಮ್ಮ, ನಿಂಗೆ ಇದೆಲ್ಲ ತಿಳಿಯಲ್ಲ. ಒಂದ್ಸಲ ಒತ್ತಿದ್ರೆ ಗಡುವಿನ ದಿನ ಬ್ಯಾಂಕು ಎದೆ ಮೇಲೆ ಕೂತು ವಸೂಲಿ ಮಾಡುತ್ತೆ. ನೀನಾದ್ರೆ ಮನೆಯವಳು, ತಡ್ಕೋತೀಯ. ಬೇಕಿದ್ರೆ ಬಿಲ್ಲಲ್ಲಿ ಒಂದಿಷ್ಟು ಇಳಿಸ್ಕೊಂಡು ಬಾ, ಆಮೇಲೆ ನೋಡೋಣ.”

ಅವಳಿಗೆ ಮೈಯೆಲ್ಲ ಉರಿದುಹೋಯಿತು. ಆ ಲೋಟದ ಚಹಾ ಅವನ ತಲೆಯ ಮೇಲೆ ಸುರಿಯಬೇಕು ಅನ್ನಿಸಿತು. ಇಷ್ಟು ವರ್ಷ ಈ ಮನುಷ್ಯನಿಗೆ ಎಲೆ ಹಾಕಿ ಬಡಿಸಿದ್ದಳು, ಅವನ ಮಕ್ಕಳ ಮೂಗು ಒರೆಸಿದ್ದಳು. ಇವನು ಮರೆತಿರಲಿಲ್ಲ, ಸೋಮಾರಿಯೂ ಆಗಿರಲಿಲ್ಲ. ಬೇಕಂತಲೇ ಹಿಡಿದಿಟ್ಟುಕೊಂಡಿದ್ದ. ಇವಳು ತಡೆದುಕೊಳ್ಳುತ್ತಾಳೆ ಅನ್ನುವುದೇ ಅವನ ಬಂಡವಾಳವಾಗಿತ್ತು.

ಹೊರಡುವಾಗ ಅವನೇ ಕೂಗಿದ. “ಹಾಂ, ಕೇಳಿಲ್ಲಿ. ಗುರುವಾರ ಹೊಸ ಸಾಬೂನಿನ ಲೋಡು ಹೋಗುತ್ತೆ. ಕಾರ್ಖಾನೆ ದೊಡ್ಡವರು ಖುದ್ದಾಗಿ ಬಂದು ನಿಂತ್ಕೋತಾರೆ. ಡಬ್ಬದ ಹೊಣೆ ನಂದೇ ಅಂದಿದೀನಿ. ಡಬ್ಬ ಬೆಳಿಗ್ಗೆನೇ ಬರ್ಬೇಕು, ಆಯ್ತಾ?”

ಡಬ್ಬದಕ್ಕ ಬಾಗಿಲಲ್ಲಿ ನಿಂತು ಅವನನ್ನೇ ನೋಡಿದಳು. ಮಷೀನು ಹೋಗುತ್ತಿದೆ ಅಂತ ಈಗಷ್ಟೇ ಬಾಯಿ ಬಡಿದುಕೊಂಡಿದ್ದಳು. ಒಂದು ಕಿವಿಯಲ್ಲಿ ಕೇಳಿ ಇನ್ನೊಂದರಲ್ಲಿ ಬಿಟ್ಟಿದ್ದ ಮಹಾರಾಯ.

“ಆಯ್ತು ಭಾವ,” ಅಂದಳು.

ಗುರುವಾರ ಮಧ್ಯಾಹ್ನ ಆಯ್ತಪ್ಪ ಶೆಡ್ಡಿಗೆ ನುಗ್ಗಿದ. ಅಂಗಿ ಬೆವರಿಗೆ ಅಂಟಿಕೊಂಡಿತ್ತು. “ಎಲ್ಲೇ ಡಬ್ಬ? ಲಾರಿ ನಿಂತಿದಾವೆ, ದೊಡ್ಡವರು ನನ್ನ ಮುಖಕ್ಕೆ ಉಗೀತಾ ಇದಾರೆ! ಆಯ್ತು ಅಂದೆಯಲ್ಲೇ ನೀನು!”

“ಅಂದೆ. ಆಗ್ಲಿ, ನೋಡೋಣ ಅಂತ.”

ಅವನು ಸುತ್ತ ನೋಡಿದ. ಗೋಡೆಗೆ ಒರಗಿಸಿದ ಕತ್ತರಿಸದ ರಟ್ಟು ಹಾಗೇ ಇತ್ತು. ನಡುವೆ ನೆಲ ಖಾಲಿ. ಬೋಲ್ಟು ಕಿತ್ತ ತೂತುಗಳು, ಎಣ್ಣೆಯ ಕಲೆ. ಅವನ ಸಾಬೂನಿನ ಡಬ್ಬದ ಅಳತೆಗೆ ರಟ್ಟು ಕತ್ತರಿಸುವ ಅಚ್ಚೂ ಮಷೀನಿನ ಜೊತೆಯಲ್ಲೇ ಹೋಗಿತ್ತು.

“ನನ್ನ ಕೆಲಸ ಹೋಗುತ್ತೆ ಕಣೇ! ನಿನ್ನ ಅಕ್ಕನ ಮುಖ ನೋಡಿಯಾದ್ರೂ...”

“ಅಕ್ಕ ಬೆಳಿಗ್ಗೆಯಿಂದ ಫೋನು ಮಾಡಿ ಅಳ್ತಾ ಇದಾಳೆ. ನಾನು ಅತ್ತಾಗ ನೀವು ಚಹಾ ಕುಡೀತಾ ಇದ್ರಿ.” ಅವಳು ಜಗ್ಗಲಿಲ್ಲ. “ಒತ್ತಿ.”

ಅಲ್ಲೇ ರಟ್ಟಿನ ಕಟ್ಟಿನ ಮೇಲೆ ಕುಕ್ಕರಿಸಿ ಅವನು ಫೋನು ತೆಗೆದ. ಇಷ್ಟು ದಿನ ಬಾರದ ಆ ಬೆರಳು ಈಗ ತಡಬಡಿಸಿಕೊಂಡು ಒತ್ತಿತು. “ಆಯ್ತು, ಒತ್ತಿದೆ.”

“ನಿಮ್ಮ ಬಾಯಿಂದ ಬೇಡ,” ಅಂದು ಅವಳು ತನ್ನ ಫೋನು ನೋಡಿದಳು. ಚುಕ್ಕಿ ಹಸಿರಾಗಿತ್ತು. ಅವಳಿಗೆ ಖುಷಿಯಾಗಲಿಲ್ಲ. ಸೋಮವಾರ ಆಗಬೇಕಿದ್ದ ಖುಷಿ ಅದು.

“ಈಗ ಮಷೀನು ತರ್ಸು. ಬೇಗ!”

ಅವಳು ಸೇಠುವಿಗೆ ಫೋನು ಹಚ್ಚಿ ಇಬ್ಬರಿಗೂ ಕೇಳಿಸುವಂತೆ ರಟ್ಟಿನ ಮೇಲಿಟ್ಟಳು. ಭಾವ ಮುಂದಕ್ಕೆ ಬಾಗಿದ.

“ಸೇಠು, ಕಾರ್ಖಾನೆಯವರು ಒಪ್ಪಿದಾರೆ, ದುಡ್ಡು ಬರ್ತಾ ಇದೆ. ಮಷೀನು ಇವತ್ತೇ ವಾಪಸ್ ಬೇಕಿತ್ತು.”

ಆ ಕಡೆಯಿಂದ ಏನೋ ಅಗಿಯುವ ಸದ್ದು ಕೇಳಿಸಿತು. “ಆಯ್ತಮ್ಮ, ಆಯ್ತು.”

ಆಯ್ತಪ್ಪ ಗಬಕ್ಕನೆ ಫೋನು ಕಿತ್ತುಕೊಂಡ. “ಆಯ್ತು ಅಂದ್ರೆ? ಆಯ್ತು ಅಂದ್ರೆ ಏನ್ರೀ ಅರ್ಥ? ಇವತ್ತಾ?”

ಸೇಠು ಆಗಲೇ ಫೋನಿಟ್ಟಿದ್ದ.