ಆಪ್ಷನ್ ಅಂದ್ರೆ ಯಾರ ಆಯ್ಕೆ?

ಔಷಧಿ ಅಂಗಡಿಯ ಅಕ್ಕ ಬರೆದ ಕಾದಂಬರಿಯನ್ನು ಸಿನಿಮಾ ಮಾಡುತ್ತಾರಂತೆ! ಸುದ್ದಿ ಬೀದಿಗೆಲ್ಲ ಹಬ್ಬಿತ್ತು. ಆಸ್ಪತ್ರೆಯಲ್ಲಿ ಲಿಫ್ಟ್ ನಡೆಸುವ ಬಾಯಿಬಡುಕಿ ಮುದುಕಿಯ ಕಥೆ ಅದು. ಓದಿದವರೆಲ್ಲ ಅವಳನ್ನು ಲಿಫ್ಟಮ್ಮ ಎಂದೇ ಕರೆಯುತ್ತಿದ್ದರು. ಗಿರಾಕಿಗಳಿಲ್ಲದಾಗ ಕೌಂಟರಿನ ಹಿಂದೆ ಕೂತು ಅಕ್ಕ ಎರಡನೇ ಭಾಗವನ್ನೂ ಅರ್ಧ ಬರೆದಿದ್ದಳು.

ಸಿನಿಮಾ ಕಂಪನಿಯಿಂದ ಹನ್ನೊಂದು ಪುಟದ ಕರಾರು ಬಂತು. ಮೇಲೆ 'ಆಪ್ಷನ್ ಒಪ್ಪಂದ' ಎಂದಿತ್ತು. ಗಡಿಯಾರ ರಿಪೇರಿ ಮಾಡುವ ಗಂಡನಿಗೆ ಅಷ್ಟು ಸಾಕಾಯಿತು.

"ಆಪ್ಷನ್ ಅಂದ್ರೆ ಆಯ್ಕೆ ಕಣೇ. ಬೇಡ ಅನ್ನಿಸಿದ್ರೆ ನಾಳೆ ಬಿಟ್ರಾಯ್ತು. ಹಾಕು ಸಹಿ!"

ಅವನ ಮಾತು ಕೇಳಿದ್ದರೆ ನಮ್ಮ ಕಥೆ ಅಲ್ಲಿಗೇ ಮುಗಿಯುತ್ತಿತ್ತು. ಪುಣ್ಯಕ್ಕೆ ಅವನ ತಂಗಿ ಮನೆಯಲ್ಲಿದ್ದಳು. ವಕೀಲರ ಕಚೇರಿಯಲ್ಲಿ ಟೈಪಿಸ್ಟ್ ಆಗಿದ್ದ ಅವಳು ಇಂಥ ಪತ್ರಗಳನ್ನು ಎಷ್ಟೋ ನೋಡಿದ್ದಳು.

"ತಾಳಣ್ಣ. ಆಯ್ಕೆ ಹೌದು, ಆದ್ರೆ ನಮ್ದಲ್ಲ, ಅವರದು. ಸಿನಿಮಾ ಮಾಡೋದೋ ಬಿಡೋದೋ ಅಂತ ಅವರು ಎರಡು ವರ್ಷ ಯೋಚಿಸ್ತಾರೆ. ಅಲ್ಲೀವರೆಗೂ ಅತ್ತಿಗೆ ಈ ಕಥೇನ ಬೇರೆ ಸಿನಿಮಾದವರಿಗೆ ಕೊಡೋ ಹಾಗಿಲ್ಲ."

ಅಕ್ಕನಿಗೆ ಕುತೂಹಲ ತಡೆಯಲಾಗಲಿಲ್ಲ. "ಮಾಡಿದ್ರು ಅಂತಾನೇ ಇಟ್ಕೋ. ನನ್ನ ಲಿಫ್ಟಮ್ಮ ಹೀಗೇ ಇರ್ತಾಳಾ?"

"ಏಳನೇ ಪುಟ ನೋಡಿ ಅತ್ತಿಗೆ. ಕಥೆ, ಪಾತ್ರ, ಅಂತ್ಯ ಎಲ್ಲಾ ಬದಲಿಸೋ ಹಕ್ಕು ಕಂಪನೀದು. ಅವಳನ್ನ ಇಪ್ಪತ್ತರ ಹುಡುಗಿ ಮಾಡ್ಬಹುದು. ಲಿಫ್ಟ್ ಬಿಡಿಸಿ ಹೆಲಿಕಾಪ್ಟರ್ ಹತ್ತಿಸ್ಬಹುದು."

ಗಂಡ ಬಿದ್ದು ಬಿದ್ದು ನಕ್ಕ. "ಹತ್ತಿಸ್ಲಿ ಬಿಡೇ! ಪುಸ್ತಕ ಪುಸ್ತಕದ ಪಾಡಿಗೆ ಇರುತ್ತೆ."

"ಮೊದಲನೇದು ಇರುತ್ತಣ್ಣ. ಎರಡನೇದು?" ತಂಗಿ ಬೆರಳಿಟ್ಟು ಓದಿದಳು. "ಈ ಪಾತ್ರಗಳನ್ನು ಮುಂದೆ ಯಾವುದೇ ಬರಹದಲ್ಲಿ ಬಳಸಲು ಕಂಪನಿಯ ಲಿಖಿತ ಅನುಮತಿ ಬೇಕು."

"ಯಾರು ತಗೋಬೇಕು ಅನುಮತಿ?" ಅಕ್ಕ ಕೇಳಿದಳು.

"ನೀವೇ."

ಗಂಡನ ನಗು ನಿಂತಿತು. ಅಕ್ಕ ಅರ್ಧ ಬರೆದ ಎರಡನೇ ಭಾಗದ ಹಾಳೆಗಳನ್ನು ಹತ್ತಿರಕ್ಕೆ ಎಳೆದುಕೊಂಡಳು. ಲಿಫ್ಟಮ್ಮನ ಬಾಯಿಂದ ಒಂದು ಮಾತಾಡಿಸಲು ಇನ್ನು ಯಾರದೋ ಅಪ್ಪಣೆ ಬೇಕೇ?

"ಹಂಗಾದ್ರೆ ಬೇಡವೇ ಬೇಡ ಅನ್ನೋಣ್ವಾ?" ಎಂದ ಗಂಡ.

"ಮೊದಲು ಕೇಳಿ ನೋಡೋಣ. ಕೇಳೋಕೇನು?" ಎಂದಳು ತಂಗಿ.

ಅಕ್ಕ ಕಂಪನಿಗೆ ಫೋನ್ ಮಾಡಿದಳು. ಅಂತ್ಯ ಬದಲಿಸಬಾರದು ಎಂದಾಗ ಆ ಕಡೆಯವನು ಸುತರಾಂ ಒಪ್ಪಲಿಲ್ಲ. ಮುಂದಿನ ಬರಹಗಳ ಸಾಲನ್ನಾದರೂ ತೆಗೆಯಿರಿ ಎಂದಳು. ಸ್ವಲ್ಪ ಹೊತ್ತು ಹಾಳೆ ತಿರುವುವ ಸದ್ದು ಕೇಳಿಸಿತು.

"ಆಯ್ತು ಮೇಡಂ, ತೆಗೀತೀವಿ."

"ಇಷ್ಟು ಸುಲಭಾನಾ? ಮತ್ಯಾಕೆ ಹಾಕಿದ್ರಿ?"

"ಎಲ್ಲರ ಕರಾರಲ್ಲೂ ಇರುತ್ತೆ ಮೇಡಂ. ಇಲ್ಲೀವರೆಗೆ ಯಾರೂ ಕೇಳಿರ್ಲಿಲ್ಲ."

ತಿದ್ದಿದ ಪತ್ರ ಬಂದಾಗ ಗಂಡನೇ ಕನ್ನಡಕ ಹಾಕಿಕೊಂಡು ಹನ್ನೊಂದೂ ಪುಟ ಗಟ್ಟಿಯಾಗಿ ಓದಿದ. ಆಮೇಲೆ ಅಕ್ಕ ಸಹಿ ಹಾಕಿದಳು. ಸಿನಿಮಾದಲ್ಲಿ ಲಿಫ್ಟಮ್ಮ ಏನಾಗುತ್ತಾಳೋ, ಅಕ್ಕನಿಗೂ ಗೊತ್ತಿಲ್ಲ. ಎರಡನೇ ಭಾಗವಂತೂ ಅಂದೇ ಸಂಜೆ ಮುಂದುವರಿಯಿತು.

ಬರೆಯುವ ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಕಥೆ ಕೇಳಿಕೊಂಡು ಯಾರಾದರೂ ಬಂದರೆ ಖಂಡಿತ ಖುಷಿಪಡಿ. ಆದರೆ ಕರಾರನ್ನು ಬಲ್ಲವರಿಂದ ಓದಿಸಿ. ಎಷ್ಟು ಕಾಲಕ್ಕೆ, ಏನೇನು ಬದಲಿಸುತ್ತೀರಿ, ಮುಂದೆ ನಾನು ಬರೆಯಬಹುದೇ ಎಂದು ಬಾಯಿಬಿಟ್ಟು ಕೇಳಿ. ಅವರು ಇಲ್ಲ ಎನ್ನಬಹುದು. ಆಗ ಒಪ್ಪುವುದೋ ಬಿಡುವುದೋ ನಿಮ್ಮ ಕೈಯಲ್ಲಿರುತ್ತದೆ. ಸಹಿ ಬಿದ್ದ ಮೇಲೆ ಅದೂ ಇರುವುದಿಲ್ಲ.