ಮಂಡಿ ಎದುರಿನ ಮಬ್ಬು ದೀಪ

ಮಾವಿನ ಸೀಜನ್ನಿನಲ್ಲಿ ಶ್ರೀನಿವಾಸಪುರದ ಮಂಡಿ ಎದುರು ಹೋಟೆಲ್ ಇಟ್ಟವರಿಗೆ ಕೂರಲು ಪುರುಸೊತ್ತಿರಬಾರದು. ಆ ಎರಡು ತಿಂಗಳ ವ್ಯಾಪಾರದಲ್ಲೇ ಆದಿಲಕ್ಷ್ಮಿ ವರ್ಷವಿಡೀ ಸಂಸಾರ ತೂಗಿಸುತ್ತಿದ್ದಳು. ಅಂಥ ಹೊತ್ತಿನಲ್ಲಿ ಅವಳ ಗಂಡ ಕದಿರೇಶ್ ಕಥೆ ಪುಸ್ತಕ ಹಿಡಿದು ಕೂತ.

ಅದು ಯಾರೋ ಓದಿ ಬಿಟ್ಟ ಪುಸ್ತಕ. ರಹಮತ್ತುಲ್ಲಾನ ಗುಜರಿ ಅಂಗಡಿಗೆ ತೂತುಬಿದ್ದ ಬಾಯ್ಲರ್ ಕೊಟ್ಟು ಬರಲು ಹೋದವನು ಕಂಕುಳಲ್ಲಿ ಇದನ್ನು ಇಟ್ಟುಕೊಂಡು ಬಂದಿದ್ದ. ಎಲ್ಲವೂ ಸಿಟಿಯ ಕಥೆಗಳು. ಯಾವ ಪುಟ ತೆಗೆದರೂ ಮಳೆ ಜಿನುಗುತ್ತಿರುತ್ತದೆ, ಹೋಟೆಲಿನಲ್ಲಿ ಮಬ್ಬು ಹಳದಿ ಬೆಳಕು, ಕಿಟಕಿ ಪಕ್ಕ ಒಬ್ಬರು ಕಾಫಿ ಲೋಟ ನೋಡುತ್ತ ಏನನ್ನೋ ನೆನೆಯುತ್ತಿರುತ್ತಾರೆ. ಕಥೆ ಮುಗಿದರೂ ಅವರ ಕಾಫಿ ಮುಗಿಯುವುದಿಲ್ಲ.

"ಸಿಟಿ ಜನ ತಿನ್ನೋಕೆ ಬರಲ್ಲ ಕಣೇ, ವಾತಾವರಣಕ್ಕೆ ಬರ್ತಾರೆ."

"ಹೌದಾ? ನಮ್ಮೋರು ಲಾರಿಗೆ ಕಾಯಿ ತುಂಬಿ ಹಸ್ಕೊಂಡು ಬರ್ತಾರೆ. ಅವರಿಗೆ ವಾತಾವರಣಕ್ಕೆ ಚಟ್ನಿ ಹಾಕಿ ಕೊಡ್ಲಾ?"

"ನಿನಗಿದೆಲ್ಲ ಅರ್ಥ ಆಗಲ್ಲ ಬಿಡು."

ಮರುವಾರ ಅದೇ ಗುಜರಿಯಿಂದ ಬಿದಿರಿನ ಬುಟ್ಟಿ ಕವುಚಿದ ನಾಲ್ಕು ದೀಪ ಬಂದವು, ಟ್ಯೂಬ್‌ಲೈಟುಗಳು ಅಟ್ಟ ಸೇರಿದವು. ಹೋಟೆಲು ಸಾವಿನ ಮನೆಯ ಹಾಗೆ ಕಂಡಿತು. ಹಮಾಲಿ ನರೇಶ ಬಾಗಿಲಲ್ಲೇ ನಿಂತು, "ಅಕ್ಕಾ, ಕರೆಂಟು ಲೇದಾ?" ಎಂದು ತೆಲುಗಿನಲ್ಲಿ ಕೇಳಿದ, ಕರೆಂಟು ಇಲ್ವಾ ಅಂತ. ಒಳಗೆ ಬಂದು, ಆ ಮಬ್ಬಿನಲ್ಲಿ ಹುರುಳಿಕಾಯಿ ಅಂತ ಉಪ್ಪಿಟ್ಟಿನ ಹಸಿಮೆಣಸಿನಕಾಯಿ ಕಚ್ಚಿ, ಮಾರನೆಯ ದಿನದಿಂದ ಎದುರಿನ ಟಾರ್ಪಾಲು ಹೋಟೆಲಿಗೆ ನಡೆದ. ಅವನ ಹಿಂದೆ ಉಳಿದ ಹಮಾಲಿಗಳೂ ಹೋದರು.

ಉಳಿದವರು ಇಬ್ಬರು ದಲ್ಲಾಳಿಗಳು. ಒಂದೊಂದು ಟೀ ಹೇಳಿ ಹರಾಜು ಶುರುವಾಗುವ ತನಕ ಮೂಲೆಯಲ್ಲಿ ಒರಗುತ್ತಿದ್ದರು.

"ನೋಡೇ, ಎಷ್ಟೊತ್ತು ಕೂತವ್ರೆ!" ಕದಿರೇಶನ ಮುಖ ಅರಳಿತು.

"ಕೂತಿಲ್ಲ ಕಣಯ್ಯಾ, ಮಲಗವ್ರೆ. ಗೊರಕೆ ಕೇಳಲ್ವಾ? ನಿನ್ನ ಪುಸ್ತಕದಲ್ಲಿ ಒಬ್ಬನಾದ್ರೂ ಇನ್ನೊಂದು ಪ್ಲೇಟ್ ಇಡ್ಲಿ ಕೇಳಿದ್ನಾ?"

ಕದಿರೇಶ್ ನಿಜವಾಗಿಯೂ ಪುಟ ತಿರುವಿದ. ಯಾರೂ ಕೇಳಿರಲಿಲ್ಲ.

ಅವಳು ಪುಸ್ತಕವನ್ನು ಒಲೆಗೆ ಹಾಕಬಹುದಿತ್ತು. ಆದರೆ ಇಷ್ಟು ವರ್ಷ ಒಲೆ ಮುಂದೆ ಬೆವರಿದ ಮನುಷ್ಯ ಮೊದಲ ಸಲ ಒಂದಕ್ಕೆ ಆಸೆಪಟ್ಟಿದ್ದ. ಹಾಕಲು ಕೈ ಬರಲಿಲ್ಲ. ಆದರೆ ಸೀಜನ್ನು ಕೈಬಿಟ್ಟು ಹೋಗುತ್ತಿತ್ತು.

ಅಷ್ಟರಲ್ಲಿ ಒಂದು ದಿನ ನಸುಕಿನಲ್ಲೇ ರಹಮತ್ತುಲ್ಲಾ ಟೀಗೆ ಬಂದ. ತಲೆಯೆತ್ತಿ ನೋಡಿ ನಕ್ಕ.

"ಅರೆ, ನಾಲ್ಕೂ ಇಲ್ಲೇ ಹಾಕಿದ್ದೀರಾ? ಮುಳಬಾಗಿಲಲ್ಲೂ ಹಿಂಗೇ ಇದ್ವು."

"ಮುಳಬಾಗಿಲಲ್ಲಿ ಯಾರ ಹತ್ರ ಭಾಯ್?"

"ಒಬ್ಬ ಹೋಟೆಲಿನೋನು ಅಕ್ಕ. ಪಾಪ, ಬಾಗಿಲು ಹಾಕ್ದ. ದೀಪ, ಕುರ್ಚಿ, ಇವರು ಓದ್ತಾರಲ್ಲ ಆ ಪುಸ್ತಕ, ಎಲ್ಲ ಒಂದೇ ಲೋಡಲ್ಲಿ ತಂದೆ."

ಆದಿಲಕ್ಷ್ಮಿ ಟೀ ಸೋಸುತ್ತ ಗಂಡನನ್ನು ಕೇಳಿದಳು: "ಕೊನೇ ಪುಟದಲ್ಲಿ ಬಾಗಿಲು ಹಾಕಿದ್ದನ್ನ ಬರೆದಿಲ್ವೇನಯ್ಯಾ?"

ಕದಿರೇಶ್ ಪುಸ್ತಕ ಮಡಚಿದ. ಅಟ್ಟದಿಂದ ಟ್ಯೂಬ್‌ಲೈಟು ಇಳಿಸಿ, "ಸ್ಟೂಲು ಹಿಡ್ಕೊಳೇ" ಎಂದ. ಅವಳು ಗಟ್ಟಿಯಾಗಿ ಹಿಡಿದುಕೊಂಡಳು.

"ಒಂದು ಬುಟ್ಟಿ ದೀಪ ಇರ್ಲಿ ಬಿಡು. ವ್ಯಾಪಾರ ಮುಗಿದ ಮೇಲೆ ಅದರ ಕೆಳಗೆ ಕೂತು ಓದ್ಕೋ. ಕಾಫಿ ಮಾತ್ರ ಆರೋಕೆ ಬಿಡಬೇಡ."

ಟ್ಯೂಬ್‌ಲೈಟಿನ ಬೆಳಕು ರಸ್ತೆಗೆ ಬಿದ್ದಿತು. ದಲ್ಲಾಳಿಗಳು ಕಣ್ಣುಜ್ಜುತ್ತ ಎದ್ದರು. ಎದುರಿನ ಟಾರ್ಪಾಲಿನ ಕೆಳಗಿಂದ ನರೇಶ ಕರೆಂಟು ಬಂತಾ ಅಂತ ಕೂಗಿದ: "ಅಕ್ಕಾ, ಕರೆಂಟು ವಚ್ಚಿಂದಾ?"

ಆದಿಲಕ್ಷ್ಮಿ ಸ್ಟೂಲಿನ ಮೇಲೆ ನಿಂತಿದ್ದ ಗಂಡನ ಮುಖ ನೋಡಿದಳು.

"ವಚ್ಚಿಂದಿ ಕಣೋ, ಬಾ," ಎಂದಳು.